ಬೋಟ್ ಸೀಟಿನ ಗುಲಾಬಿ ಕಲೆ ಉಜ್ಜಿದರೆ ಹೋಗುವುದಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಟಿಪ್ಸ್ ಕಾಲಂನಲ್ಲಿ ಬೋಟ್ ಸೀಟಿನ ಕಲೆ ತೆಗೆಯುವ ಬಗ್ಗೆ ನಾಲ್ಕು ಸಾಲು ಬಂದಿತ್ತು. ಬ್ಲೀಚ್ ಹಾಕಿ, ಗಟ್ಟಿ ಬ್ರಷ್‌ನಿಂದ ಉಜ್ಜಿ, ಆಮೇಲೆ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಿಡಿ ಅಂತ. ಬರೆದವರ ಮನಸ್ಸು ಒಳ್ಳೆಯದೇ ಇರುತ್ತದೆ. ಆದರೆ ನಾನು ಇಪ್ಪತ್ತು ವರ್ಷದಿಂದ ಬೋಟ್ ಸೀಟ್ ಹೊಲಿಯುವ, ಬಿಚ್ಚುವ, ಮತ್ತೆ ಹೊಲಿಯುವ ಕೆಲಸದಲ್ಲೇ ಇದ್ದೇನೆ. ಆ ಮೂರು ಮಾತನ್ನೂ ಯಾರಾದರೂ ನಂಬಿ ಮಾಡಿದರೆ ಅವರ ಸೀಟು ಬೇಗನೇ ನನ್ನಂಥವರ ಟೇಬಲ್ ಮೇಲೆ ಬಂದು ಬೀಳುತ್ತದೆ. ಹಾಗೆ ಬರುವ ಕೆಲಸ ನನಗೆ ಬೇಡ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ಜಾಗ ಮಾಡಿಕೊಟ್ಟು ಪೂರ್ತಿ ಹಾಕಿ.

ಮೊದಲು ಒಂದು ಕುಶನ್ ವಿಷಯ ಹೇಳುತ್ತೇನೆ. ಮೊನ್ನೆ ಒಬ್ಬರು ಬೋಟಿನ ಹಿಂಬದಿಯ ಉದ್ದ ಕುಶನ್ ಹೊತ್ತು ತಂದರು. ಬಿಳಿ ವಿನೈಲ್, ನಾವು ಹೊಲಿಯುವವರು ಬಾಯಿ ಮಾತಿಗೆ ರೆಕ್ಸಿನ್ ಅನ್ನುತ್ತೇವೆ. ನಟ್ಟನಡುವೆ ಅಂಗೈ ಅಗಲದ ಗುಲಾಬಿ ಕಲೆ. ಅಂಚು ಮಸುಕು, ಬಣ್ಣದ ನೀರು ಚೆಲ್ಲಿ ಒಣಗಿದ ಹಾಗೆ. ಅದನ್ನು ಅವರು ಸೋಪಿನಲ್ಲಿ ತೊಳೆದಿದ್ದರು, ಬ್ಲೀಚ್ ಹಾಕಿದ್ದರು, ಮ್ಯಾಜಿಕ್ ಸ್ಪಂಜು ಅಂತ ಸಿಗುತ್ತದಲ್ಲ, ಅದರಲ್ಲೂ ಉಜ್ಜಿದ್ದರು. ಉಜ್ಜಿದ ಜಾಗದಲ್ಲಿ ಹೊಳಪು ಹೋಗಿ ಸುಣ್ಣ ಬಳಿದ ಗೋಡೆಯ ಥರ ಆಗಿತ್ತು. ಕಲೆ ಮಾತ್ರ ಇದ್ದಲ್ಲೇ ಇತ್ತು.

ಕುಶನ್ ಮಗುಚಿ ಅಡಿಯ ಸ್ಟೇಪಲ್ ಪಿನ್‌ಗಳನ್ನು ಕೀಳಲು ಶುರು ಮಾಡಿದೆ. ಅರ್ಧಕ್ಕರ್ಧ ಪಿನ್ ಇಕ್ಕಳಕ್ಕೆ ಸಿಗಲೇ ಇಲ್ಲ, ತುಕ್ಕು ಹಿಡಿದು ಪುಡಿಯಾದವು. ಪ್ಲೈವುಡ್ ಕಪ್ಪಗಾಗಿತ್ತು, ಉಗುರಿನಲ್ಲಿ ಒತ್ತಿದರೆ ಒಳಗೆ ಇಳಿಯುತ್ತಿತ್ತು. ಫೋಮ್ ಎತ್ತಲು ಎರಡೂ ಕೈ ಬೇಕಾಯಿತು. ಒಂದು ಮೂಲೆ ಹಿಂಡಿದೆ ನೋಡಿ, ಕಂದು ಬಣ್ಣದ ನೀರು ಮೊಣಕೈವರೆಗೆ ಇಳಿಯಿತು, ಮುಚ್ಚಿಟ್ಟ ಬಾವಿಯ ವಾಸನೆ. ಆ ಬೋಟನ್ನು ಅವರು ಹೊರಗೆ ತೆಗೆದು ಎರಡು ತಿಂಗಳಾಗಿತ್ತಂತೆ, ಮೇಲಿಂದ ಮುಟ್ಟಿದರೆ ಸೀಟು ಒಣಗಿಯೇ ಇತ್ತು. ಕೊನೆಗೆ ರೆಕ್ಸಿನ್ ತಿರುಗಿಸಿ ಹಿಂಬದಿಯ ಬಟ್ಟೆ ನೋಡಿದೆವು. ಮೇಲೆ ಅಂಗೈ ಅಗಲ ಇದ್ದ ಕಲೆ ಹಿಂದೆ ಅದರ ಎರಡರಷ್ಟು ಇತ್ತು, ಬಣ್ಣವೂ ಗಾಢ. ಅವರು ಸುಮಾರು ಹೊತ್ತು ಮಾತೇ ಆಡಲಿಲ್ಲ. ಇಡೀ ವರ್ಷ ಅವರು ಉಜ್ಜಿದ್ದು ಕಲೆಯ ತುದಿಯನ್ನು.

ಗುಲಾಬಿ ಕಲೆ ಮೇಲಿಂದ ಬೀಳುವುದಲ್ಲ, ಒಳಗಿಂದ ಏಳುವುದು. ಸ್ಟ್ರೆಪ್ಟೊಮೈಸಿಸ್ ಅನ್ನುವ ಬ್ಯಾಕ್ಟೀರಿಯಾ ಇವೆ. ಮಣ್ಣಿನಲ್ಲಿ ಎಲ್ಲ ಕಡೆ ಇರುವಂಥವು, ಬೂಷ್ಟಿನ ಹಾಗೆ ಎಳೆ ಎಳೆಯಾಗಿ ಬೆಳೆಯುತ್ತವೆ. ಒದ್ದೆ ಫೋಮು, ಬೆಚ್ಚನೆಯ ಕತ್ತಲು ಸಿಕ್ಕರೆ ಅಲ್ಲೇ ಮನೆ ಮಾಡಿಕೊಳ್ಳುತ್ತವೆ. ಬೆಳೆಯುತ್ತ ಅವುಗಳಲ್ಲಿ ಕೆಲವು ಗುಲಾಬಿ ಬಣ್ಣ ಬಿಡುತ್ತವೆ. ಆ ಬಣ್ಣಕ್ಕೆ ಎಣ್ಣೆಯಂಥ ವಸ್ತು ಅಂದರೆ ಪ್ರೀತಿ, ಅದರಲ್ಲಿ ಸಲೀಸಾಗಿ ಕರಗುತ್ತದೆ. ರೆಕ್ಸಿನ್ ತುಂಬ ಇರುವುದೇ ಅಂಥ ವಸ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮುಂದಿನ ಎಲ್ಲ ಕಲೆಗಳ ಗುಟ್ಟೂ ಇಲ್ಲೇ ಇದೆ. ವಿನೈಲ್ ಅಂದರೆ ಪಿವಿಸಿ, ನೀರಿನ ಪೈಪ್ ಮಾಡುವ ಅದೇ ವಸ್ತು. ಅದರ ಹುಟ್ಟುಗುಣ ಗಟ್ಟಿತನ. 1926ರಲ್ಲಿ ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯಲ್ಲಿ ವಾಲ್ಡೊ ಸೀಮನ್ ಅನ್ನುವವರು ಲೋಹಕ್ಕೆ ರಬ್ಬರ್ ಅಂಟಿಸುವ ಅಂಟು ಹುಡುಕುತ್ತಿದ್ದರು. ಪಿವಿಸಿಯನ್ನು ಸುಲಭಕ್ಕೆ ಆವಿಯಾಗದ ದ್ರವದಲ್ಲಿ ಹಾಕಿ ಕಾಯಿಸಿದಾಗ ಅದು ಮೆತ್ತಗಾಗಿ ರಬ್ಬರಿನ ಹಾಗೆ ಬಾಗತೊಡಗಿತು. ಅಂಟು ಸಿಗಲಿಲ್ಲ, ಮೆತ್ತನೆಯ ವಿನೈಲ್ ಸಿಕ್ಕಿತು. ಹಾಗೆ ಮೆತ್ತಗೆ ಮಾಡುವ ಎಣ್ಣೆಯಂಥ ದ್ರವಕ್ಕೆ ಪ್ಲಾಸ್ಟಿಸೈಸರ್ ಅನ್ನುತ್ತಾರೆ. ಸೀಟಿನ ರೆಕ್ಸಿನ್‌ನಲ್ಲಿ ಅದು ಒಳ್ಳೆಯ ಪಾಲೇ ಇರುತ್ತದೆ. ಅಂದರೆ ನೋಡಲು ಹಾಳೆಯ ಥರ ಇದ್ದರೂ ರೆಕ್ಸಿನ್ ಒಳಗೆ ಎಣ್ಣೆ ಹೀರಿಕೊಂಡ ಸ್ಪಂಜಿನ ಥರವೇ. ಎಣ್ಣೆಯಲ್ಲಿ ಕರಗುವ ಯಾವ ಬಣ್ಣ ಮುಟ್ಟಿದರೂ ನಿಧಾನಕ್ಕೆ ಒಳಗೆ ಇಳಿಯುತ್ತದೆ, ಹರಡುತ್ತದೆ. ಹಿಂದಿನಿಂದ ಬಂದರೆ ಮುಂದಕ್ಕೆ, ಮುಂದಿನಿಂದ ಬಂದರೆ ಹಿಂದಕ್ಕೆ. ಗುಲಾಬಿ ಬಣ್ಣ ಹಿಂಬದಿಯ ಬಟ್ಟೆ ದಾಟಿ, ರೆಕ್ಸಿನ್ ದಾಟಿ ಮೇಲೆ ಕಾಣುವ ಹೊತ್ತಿಗೆ ಒಳಗೆ ಎಷ್ಟೋ ದಿನದಿಂದ ನೀರು ನಿಂತಿರುತ್ತದೆ.

ಹಾಗಾಗಿ ಮೇಲಿಂದ ಏನು ಹಾಕಿದರೂ ಅಷ್ಟೇ. ಬಿಸಿಲಿಗೆ ಕೆಲವೊಮ್ಮೆ ಸ್ವಲ್ಪ ಮಾಸಿದ ಹಾಗೆ ಕಾಣುತ್ತದೆ, ನಿಜ. ಫೋಮ್ ಒದ್ದೆ ಇರುವ ತನಕ ಮತ್ತೆ ಬರುತ್ತದೆ. ಮೇಲೆ ಬಣ್ಣ ಹೊಡೆಸಿದವರನ್ನೂ ನೋಡಿದ್ದೇನೆ, ಆ ಹೊಸ ಬಣ್ಣದ ಮೇಲೂ ಗುಲಾಬಿ ಎದ್ದಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಒಂದು ತಪ್ಪು ಮಾಡಿದೆ. ಹಳೇ ಫೋಮ್ ಚೆನ್ನಾಗಿದೆ, ಒಣಗಿಸಿದರೆ ಸಾಕು ಅಂದುಕೊಂಡು ಅದರ ಮೇಲೆ ಹೊಸ ರೆಕ್ಸಿನ್ ಹೊಲಿದು ಕೊಟ್ಟೆ. ಮುಂದಿನ ಸೀಸನ್‌ಗೆ ಅದೇ ಜಾಗದಲ್ಲಿ ಅದೇ ಆಕಾರದ ಕಲೆ. ಆ ಬೋಟಿನವರಿಗೆ ಪುಕ್ಕಟೆ ಮತ್ತೆ ಮಾಡಿಕೊಟ್ಟೆ, ಈ ಸಲ ಫೋಮ್, ಹಲಗೆ ಎಲ್ಲ ಬದಲಿಸಿ. ಅವತ್ತಿನಿಂದ ಗುಲಾಬಿ ಕಲೆಯ ಕುಶನ್ ಬಂದರೆ ಮೊದಲೇ ಹೇಳಿಬಿಡುತ್ತೇನೆ, ಬದಲಿಸುವುದಾದರೆ ಒಳಗಿನದ್ದೂ ಬದಲಿಸೋಣ, ಇಲ್ಲವಾದರೆ ಈಗ ಇರುವುದನ್ನೇ ಬಳಸಿ, ಸುಮ್ನೆ ದುಡ್ಡು ಹಾಳು ಮಾಡಬೇಡಿ ಅಂತ.

ಹಾಗಾದರೆ ನೀರು ಒಳಗೆ ಹೋಗುವುದು ಎಲ್ಲಿಂದ? ರೆಕ್ಸಿನ್‌ನಿಂದ ಅಲ್ಲ, ಅದು ನೀರು ಬಿಡುವುದಿಲ್ಲ. ಹೊಲಿಗೆಯಿಂದ. ಸೂಜಿ ಚುಚ್ಚಿದ ಪ್ರತಿಯೊಂದು ತೂತೂ ಒಂದು ಬಾಗಿಲು. ಒದ್ದೆ ಬಟ್ಟೆಯಲ್ಲಿ ಒಬ್ಬರು ಕೂತರೆ ಫೋಮ್ ಒತ್ತಿಕೊಳ್ಳುತ್ತದೆ, ಗಾಳಿ ಹೊರಗೆ ಹೋಗುತ್ತದೆ. ಎದ್ದಾಗ ಫೋಮ್ ಉಬ್ಬಿ ಗಾಳಿ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ಹೊಲಿಗೆಯ ಮೇಲೆ ನಿಂತ ನೀರನ್ನೂ. ಕೂತು ಏಳುವುದು ಅಂದರೆ ಪಂಪು ಹೊಡೆದ ಹಾಗೆ. ಒಳಗೆ ಹೋಗಲು ಸಾವಿರ ತೂತು ಇವೆ, ಹೊರಗೆ ಬರಲು ದಾರಿ ಇಲ್ಲ. ಅದಕ್ಕೇ ಕುಶನ್‌ನ ಅಡಿ ಹಲಗೆಗೆ ತೂತು ಬೇಕೇ ಬೇಕು, ತಗ್ಗಿನ ಕಡೆ ಎರಡು ಮೂರು. ಅಡಿಗೆ ಇಡೀ ರೆಕ್ಸಿನ್ ಸುತ್ತುವ ಬದಲು ಗಾಳಿಯಾಡುವ ಜಾಳಿಗೆ ಬಟ್ಟೆ ಹಾಕಿದರೆ ಇನ್ನೂ ಒಳ್ಳೆಯದು. ನಿಮ್ಮ ಕುಶನ್ ಮಗುಚಿ ನೋಡಿ, ತೂತು ಇಲ್ಲದಿದ್ದರೆ ಇವತ್ತೇ ಡ್ರಿಲ್ ಹಾಕಿಸಿ. ಹಲಗೆಯ ತೂತಿನ ಅಂಚಿಗೆ ಎಪಾಕ್ಸಿ ಅನ್ನುವ, ಒಣಗಿ ಗಟ್ಟಿಯಾಗುವ ಅಂಟು ಸವರುವುದು ಮರೆಯಬೇಡಿ, ಇಲ್ಲದಿದ್ದರೆ ಹಲಗೆ ಅಲ್ಲಿಂದಲೇ ನೀರು ಕುಡಿಯುತ್ತದೆ.

ಪ್ರೆಶರ್ ವಾಷರ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಬೋಟಿನ ತಳ ತೊಳೆಯಲು ಬಳಸಿ, ಸೀಟಿನ ಹತ್ತಿರ ತರಬೇಡಿ. ಅದು ಹೊಲಿಗೆಯೊಳಗೆ ನೀರು ನುಗ್ಗಿಸುವ ಯಂತ್ರ, ಅಷ್ಟೇ.

ಉಪ್ಪು ನೀರಿನಲ್ಲಿ ಓಡಾಡುವವರಿಗೆ ಇನ್ನೊಂದು ತಾಪತ್ರಯ. ಉಪ್ಪು ತಿಂದವ ನೀರು ಕುಡಿಯಲೇಬೇಕು ಅಂತಾರಲ್ಲ, ಹೊಲಿಗೆಯಲ್ಲಿ ಕೂತ ಉಪ್ಪೂ ಹಾಗೆಯೇ. ಗಾಳಿಯಲ್ಲಿರುವ ತೇವ ಎಳೆದುಕೊಂಡು ಸೀಟನ್ನು ಯಾವಾಗಲೂ ಅರೆ ಒದ್ದೆ ಇಡುತ್ತದೆ. ಒಣಗಿದರೆ ಹರಳುಗಟ್ಟಿ, ಕೂತಾಗ ಮರಳು ಕಾಗದದ ಹಾಗೆ ಮೇಲ್ಪದರ ತಿಕ್ಕುತ್ತದೆ. ದಡಕ್ಕೆ ಬಂದ ಕೂಡಲೇ ಸಿಹಿನೀರಿನಲ್ಲಿ ಒಮ್ಮೆ ಮೆತ್ತಗೆ ತೊಳೆದು ಒರೆಸಿ. ಐದು ನಿಮಿಷದ ಕೆಲಸ.

ಇನ್ನು ಮುಚ್ಚುವ ವಿಷಯ. ನಿಮ್ಮ ಕಾಲಂನಲ್ಲಿ ನನಗೆ ಜಾಸ್ತಿ ಬೇಸರ ತಂದದ್ದು ಇದೇ. ಒದ್ದೆ ಸೀಟಿಗೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಹಗಲು ಬಿಸಿಲಿಗೆ ಒಳಗಿನ ನೀರು ಆವಿಯಾಗುತ್ತದೆ, ಹೋಗಲು ಜಾಗ ಇಲ್ಲ, ರಾತ್ರಿ ತಣ್ಣಗಾದಾಗ ಹಾಳೆಯ ಒಳಮೈಗೆ ಹನಿಗಟ್ಟಿ ಮತ್ತೆ ಸೀಟಿನ ಮೇಲೇ ತೊಟ್ಟಿಕ್ಕುತ್ತದೆ. ದಿನಾ ಇದೇ. ಬೂಷ್ಟು ಸಾಕಲು ಇದಕ್ಕಿಂತ ಒಳ್ಳೆಯ ಡಬ್ಬಿ ಬೇಕಿಲ್ಲ. ಮುಚ್ಚಬೇಕು, ಖಂಡಿತ ಮುಚ್ಚಬೇಕು, ಬಿಸಿಲಿನಿಂದ ಕಾಪಾಡಲು ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಆದರೆ ಗಾಳಿಯಾಡುವ ಬಟ್ಟೆಯ ಕವರ್ ಹಾಕಿ, ಬೋಟಿಗೆ ಅಂತಲೇ ನೇಯ್ದ ಆಕ್ರಿಲಿಕ್ ಅಥವಾ ಪಾಲಿಯೆಸ್ಟರ್. ಮಧ್ಯೆ ಒಂದು ಕೋಲು ನಿಲ್ಲಿಸಿ ಡೇರೆಯ ಹಾಗೆ ಎತ್ತರ ಮಾಡಿ, ನೀರು ಕೊಳದ ಹಾಗೆ ನಿಲ್ಲದೆ ಇಳಿದು ಹೋಗಲಿ. ಎರಡು ತುದಿಯಲ್ಲೂ ಗಾಳಿಕಿಂಡಿ ಇರಲಿ, ಒಂದೇ ಇದ್ದರೆ ಗಾಳಿ ಬರುತ್ತದೆ, ಹೋಗುವುದಿಲ್ಲ. ಮುಚ್ಚುವ ಮೊದಲು ಸೀಟು ಒಣಗಿರಬೇಕು. ಒಣಗಲು ಹೊತ್ತಿಲ್ಲದಿದ್ದರೆ ಕುಶನ್‌ಗಳನ್ನು ಎತ್ತಿ ಅಂಚಿನ ಮೇಲೆ ನಿಲ್ಲಿಸಿ, ಹೊಲಿಗೆ ಕೆಳಗೆ ಬರುವ ಹಾಗೆ. ಸೀಟಿನ ಕೆಳಗಿನ ಡಬ್ಬಿಗಳ ಮುಚ್ಚಳ ತೆರೆದಿಡಿ. ಒದ್ದೆ ಟವಲು, ಹಗ್ಗ, ಲೈಫ್ ಜಾಕೆಟ್ ಅದರೊಳಗೆ ತುರುಕಬೇಡಿ. ತಿಂಗಳುಗಟ್ಟಲೆ ಬೋಟ್ ಓಡಿಸುವುದಿಲ್ಲ ಅಂತಿದ್ದರೆ ಕುಶನ್ ಕಳಚಿ ಒಣ ಕೋಣೆಗೆ ತನ್ನಿ, ಒಂದಕ್ಕೊಂದು ತಾಗದ ಹಾಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿದರೆ ಮಧ್ಯದ ಕುಶನ್ ಯಾವತ್ತೂ ಒಣಗುವುದಿಲ್ಲ.

ಕಪ್ಪು ಚುಕ್ಕೆ ಬೇರೆ. ಅದು ಬೂಷ್ಟು, ಬರುವುದು ಮೇಲಿಂದ. ಬೂಷ್ಟಿಗೆ ರೆಕ್ಸಿನ್ ಅಷ್ಟೇನೂ ರುಚಿಸುವುದಿಲ್ಲ, ರೆಕ್ಸಿನ್ ಮೇಲೆ ನಾವು ಬಿಟ್ಟು ಹೋಗುವುದು ರುಚಿಸುತ್ತದೆ. ಬೆವರು, ಮೈಗೆ ಹಚ್ಚಿದ ಎಣ್ಣೆ, ಮೀನಿನ ರಕ್ತ, ಹಕ್ಕಿಯ ಹಿಕ್ಕೆ, ಉದುರಿದ ಎಲೆ, ಸರಿಯಾಗಿ ತೊಳೆಯದ ಸೋಪು. ಇವು ಮತ್ತು ತೇವ, ಎರಡೂ ಇದ್ದರೆ ಚುಕ್ಕೆ ಗ್ಯಾರಂಟಿ. ಒಂದು ಚುಕ್ಕೆ ಕಂಡ ದಿನವೇ ಸೋಪು ನೀರು ಮತ್ತು ಮೆತ್ತನೆ ಬ್ರಷ್ ಸಾಕಾಗುತ್ತದೆ. ಬಿಟ್ಟರೆ ಅದರ ಬಣ್ಣವೂ ರೆಕ್ಸಿನ್ ಒಳಗೆ ಇಳಿಯುತ್ತದೆ, ಆಮೇಲೆ ಬೂಷ್ಟು ಸತ್ತರೂ ಚುಕ್ಕೆ ಉಳಿಯುತ್ತದೆ. ಎಲೆಯ ಕಂದು ಕಲೆಯೂ ಹಾಗೆಯೇ, ಒದ್ದೆ ಎಲೆ ಸೀಟಿಗೆ ಅಂಟಿ ವಾರ ಕಳೆದರೆ ಎಲೆಯ ನರ ಸಮೇತ ಅಚ್ಚು ಬೀಳುತ್ತದೆ.

ಈಗ ಹಳದಿ. ಎಲ್ಲರೂ ಬಿಸಿಲು ಅನ್ನುತ್ತಾರೆ, ಅರ್ಧ ಸರಿ. ಬಿಸಿಲಿನ ಅತಿನೇರಳೆ ಕಿರಣ ಮತ್ತು ಶಾಖ ಸೇರಿ ಪಿವಿಸಿಯ ಸರಪಳಿಯಿಂದ ಹೈಡ್ರೋಕ್ಲೋರಿಕ್ ಆಮ್ಲವನ್ನು ಕಿತ್ತು ಹಾಕುತ್ತವೆ. ಆ ಆಮ್ಲ ಮುಂದಿನ ಕೊಂಡಿ ಕಳಚಲು ಸಹಾಯ ಮಾಡುತ್ತದೆ. ಕೊಂಡಿ ಕಳಚುತ್ತ ಹೋದಂತೆ ಸರಪಳಿಯಲ್ಲಿ ಉಳಿದ ಭಾಗ ನೀಲಿ ಬೆಳಕನ್ನು ಹೀರತೊಡಗುತ್ತದೆ, ನಮ್ಮ ಕಣ್ಣಿಗೆ ಹಳದಿ ಕಾಣುತ್ತದೆ. ಅದು ಮೇಲೆ ಕೂತ ಕೊಳೆಯಲ್ಲ, ರೆಕ್ಸಿನ್ನೇ ಬದಲಾಗಿರುವುದು. ತೊಳೆದು ತೆಗೆಯಲು ಆಗುವುದಿಲ್ಲ. ತಡೆಯಬಹುದು ಅಷ್ಟೇ, ನೆರಳಿನಿಂದ.

ಇನ್ನರ್ಧ ಹಳದಿ ನಾವೇ ಹಚ್ಚುವುದು. ಸನ್‌ಸ್ಕ್ರೀನ್. ಅದರಲ್ಲಿ ಅವೊಬೆಂಜೋನ್ ಅನ್ನುವ ವಸ್ತು ಇದ್ದರೆ ಅದು ನೀರಿನಲ್ಲಿರುವ ಕಬ್ಬಿಣದ ಅಂಶದ ಜೊತೆ ಸೇರಿ ತುಕ್ಕಿನ ಹಾಗೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಹಚ್ಚಿದ ದಿನ ಏನೂ ಕಾಣುವುದಿಲ್ಲ, ಅದೇ ಮೋಸ. ನೀವೇ ನೋಡಿ, ಸೀಟಿನ ಒರಗುವ ಜಾಗ ಮತ್ತು ತೋಳು ಇಡುವ ಜಾಗ ಮೊದಲು ಹಳದಿಗಟ್ಟುತ್ತದೆ. ಬರೀ ಬಿಸಿಲಾಗಿದ್ದರೆ ಇಡೀ ಸೀಟು ಒಂದೇ ಸಮ ಆಗಬೇಕಿತ್ತು ಅಲ್ವಾ? ಸನ್‌ಸ್ಕ್ರೀನ್ ಹಚ್ಚಬೇಡಿ ಅಂತ ನಾನು ಯಾವತ್ತೂ ಹೇಳುವುದಿಲ್ಲ, ಚರ್ಮ ಸೀಟಿಗಿಂತ ದೊಡ್ಡದು. ಹಚ್ಚಿ, ಚೆನ್ನಾಗಿ ಆರಲು ಬಿಡಿ, ತಿಳಿ ಬಣ್ಣದ ಟವಲು ಹಾಸಿಕೊಂಡು ಕೂರಿ, ಅವತ್ತೇ ಸಂಜೆ ಸೋಪು ನೀರಿನಲ್ಲಿ ಒರೆಸಿ. ಸ್ಪ್ರೇ ಸನ್‌ಸ್ಕ್ರೀನ್ ಬೋಟಿನೊಳಗೆ ಹೊಡೆದುಕೊಳ್ಳಬೇಡಿ, ಗಾಳಿಗೆ ಅರ್ಧ ಸೀಟಿನ ಮೇಲೇ ಬೀಳುತ್ತದೆ. ಸೊಳ್ಳೆಗೆ ಹಚ್ಚುವ ಡೀಟ್ ಇರುವ ದ್ರವ ಇನ್ನೂ ಕೆಟ್ಟದ್ದು, ಅದು ವಿನೈಲ್ ಅನ್ನೇ ಮೆತ್ತಗೆ ಮಾಡಿ ಮೇಲ್ಪದರ ಕೆಡಿಸುತ್ತದೆ. ಬೆರಳಿನ ಅಚ್ಚು ಉಳಿದ ಸೀಟನ್ನು ಕಣ್ಣಾರೆ ನೋಡಿದ್ದೇನೆ.

ರಬ್ಬರ್ ಮ್ಯಾಟನ್ನೂ ಇದರ ಜೊತೆ ಸೇರಿಸಿ. ರಬ್ಬರ್ ಬೇಗ ಕೆಡಬಾರದು ಅಂತ ಹಾಕಿದ ರಾಸಾಯನಿಕ ನಿಧಾನಕ್ಕೆ ಹೊರಬಂದು ಕೆಳಗಿನ ವಿನೈಲ್‌ಗೆ ಇಳಿಯುತ್ತದೆ, ಮ್ಯಾಟ್ ಎತ್ತಿದರೆ ಅದೇ ಅಳತೆಯ ಹಳದಿ ಚೌಕ. ಅದೂ ಹೋಗುವುದಿಲ್ಲ.

ಬಣ್ಣ ಹತ್ತುವ ವಿಷಯದಲ್ಲಿ ಎಲ್ಲರಿಗೂ ಗೊತ್ತಿರುವುದು ಜೀನ್ಸ್. ಹೊಸ ಜೀನ್ಸ್ ಒದ್ದೆ ಮಾಡಿಕೊಂಡು ಬಿಳಿ ಸೀಟಿನ ಮೇಲೆ ಅರ್ಧ ದಿನ ಕೂತರೆ ನೀಲಿ ಉಳಿಯುತ್ತದೆ. ಗಾಢ ಬಣ್ಣದ ಹೊಸ ಟವಲೂ ಹಾಗೆಯೇ. ಆದರೆ ನಿಮಗೆ ಹೇಳಲೇಬೇಕಾದ ಒಂದು ಸಂಗತಿ ಇದೆ, ಸಂಪಾದಕರೇ. ಒಬ್ಬರು ಮಧ್ಯಾಹ್ನ ಪೇಪರ್ ಓದಿ ಸೀಟಿನ ಮೇಲೆ ಹಾಗೇ ಬಿಟ್ಟು ಈಜಲು ಹೋದರು. ತಿರುಗಿ ಬಂದಾಗ ಕಾಗದ ಒದ್ದೆಯಾಗಿ ಸೀಟಿಗೆ ಅಂಟಿತ್ತು, ಬಿಸಿಲಿಗೆ ಅಲ್ಲೇ ಒಣಗಿತ್ತು. ಎತ್ತಿದರೆ ತಲೆಬರಹದ ಅಕ್ಷರಗಳು ಉಲ್ಟಾ ಆಗಿ ಬಿಳಿ ರೆಕ್ಸಿನ್ ಮೇಲೆ ಮೂಡಿದ್ದವು, ಒಂದೊಂದು ಒತ್ತಕ್ಷರವೂ ಓದುವ ಹಾಗೆ. ಕೂಡಲೇ ಒರೆಸಿದ್ದರೆ ಬಹುಪಾಲು ಹೋಗುತ್ತಿತ್ತು. ಅವರು ಮುಂದಿನ ವಾರ ನೋಡೋಣ ಅಂದುಕೊಂಡರು. ಮುದ್ರಣದ ಶಾಯಿಯಲ್ಲಿ ಎಣ್ಣೆಯಂಥ ಅಂಶ ಇರುತ್ತದೆ, ಒಂದು ವಾರ ಅದಕ್ಕೆ ಧಾರಾಳವಾಯಿತು. ಆ ತಲೆಬರಹ ಇವತ್ತಿಗೂ ಆ ಬೋಟಿನಲ್ಲಿದೆ. ಬಾಲ್‌ಪೆನ್, ಮಾರ್ಕರ್ ಗೆರೆಗೆ ಗಂಟೆಗಳ ಲೆಕ್ಕ. ಸ್ವಲ್ಪ ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲ್ ಅನ್ನು ಬಿಳಿ ಬಟ್ಟೆಗೆ ತಗುಲಿಸಿ, ಗೆರೆಯ ಮೇಲೆ ಮಾತ್ರ ಒತ್ತಿ ಒತ್ತಿ ತೆಗೆಯಿರಿ, ಹರಡಬೇಡಿ, ಆಮೇಲೆ ನೀರಿನಲ್ಲಿ ತೊಳೆಯಿರಿ. ಏನೇ ಹಾಕುವ ಮೊದಲೂ ಕಾಣದ ಮೂಲೆಯಲ್ಲಿ ಒಮ್ಮೆ ಪರೀಕ್ಷೆ ಮಾಡಿ.

ಉಜ್ಜುವ ವಿಷಯಕ್ಕೆ ಬರುತ್ತೇನೆ. ಒಳ್ಳೆಯ ಬೋಟ್ ವಿನೈಲ್ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ರಕ್ಷಣೆಯ ಪದರ ಇರುತ್ತದೆ. ಕಲೆ ಒಳಗೆ ಇಳಿಯದ ಹಾಗೆ ತಡೆಯುವುದು ಅದೇ, ಪ್ಲಾಸ್ಟಿಸೈಸರ್ ಹೊರಗೆ ಹೋಗದ ಹಾಗೆ ಹಿಡಿದಿಡುವುದೂ ಅದೇ. ಮ್ಯಾಜಿಕ್ ಸ್ಪಂಜು ಅಂದರೆ ಮೆಲಮಿನ್ ಫೋಮ್, ಮುಟ್ಟಲು ಮೆತ್ತಗೆ, ಕೆಲಸದಲ್ಲಿ ತುಂಬ ನಯವಾದ ಮರಳು ಕಾಗದ. ಕಲೆ ಹೋಯಿತು ಅಂತ ನೀವು ಖುಷಿ ಪಡುವಾಗ ಅದರ ಜೊತೆ ಆ ಪದರವೂ ಸ್ವಲ್ಪ ಹೋಗಿರುತ್ತದೆ. ಮುಂದಿನ ಕಲೆ ಅದೇ ಜಾಗಕ್ಕೆ ಬೇಗ ಬರುತ್ತದೆ, ಆಳಕ್ಕೆ ಇಳಿಯುತ್ತದೆ, ನೀವು ಇನ್ನೂ ಜೋರಾಗಿ ಉಜ್ಜುತ್ತೀರಿ. ಗಟ್ಟಿ ಬ್ರಷ್, ಪಾತ್ರೆ ತಿಕ್ಕುವ ಪುಡಿ, ಎಲ್ಲದರದ್ದೂ ಇದೇ ಕಥೆ. ಥಿನ್ನರ್, ಪೆಟ್ರೋಲ್, ನೈಲ್ ಪಾಲಿಶ್ ತೆಗೆಯುವ ಅಸಿಟೋನ್, ಇವನ್ನು ರೆಕ್ಸಿನ್ ಹತ್ತಿರವೂ ತರಬೇಡಿ. ಅವು ಪದರವನ್ನೇ ಕರಗಿಸುತ್ತವೆ, ರೆಕ್ಸಿನ್ ಬಿರುಸಾಗಿ ಆಮೇಲೆ ಬಿರುಕು ಬಿಡುತ್ತದೆ.

ಬ್ಲೀಚ್ ಬಗ್ಗೆ ನ್ಯಾಯವಾಗಿ ಹೇಳಬೇಕು. ಹಠಮಾರಿ ಬೂಷ್ಟಿಗೆ ತುಂಬಾ ನೀರು ಬೆರೆಸಿದ ಬ್ಲೀಚ್ ಅನ್ನು ಯಾವಾಗಲೋ ಒಮ್ಮೆ ಬಳಸಲು ಕೆಲವು ವಿನೈಲ್ ತಯಾರಕರೇ ಒಪ್ಪುತ್ತಾರೆ, ಎಷ್ಟು ನೀರು ಅನ್ನುವುದನ್ನೂ ಹೇಳಿರುತ್ತಾರೆ. ಅದನ್ನು ಓದಿ, ಅಷ್ಟೇ ಹಾಕಿ, ಕೂಡಲೇ ಧಾರಾಳ ನೀರಿನಲ್ಲಿ ತೊಳೆಯಿರಿ. ವಾರ ವಾರ ಹಾಕುವ ವಸ್ತು ಅದಲ್ಲ, ಮೇಲ್ಪದರವನ್ನೂ ಹೊಲಿಗೆಯ ದಾರವನ್ನೂ ತಿನ್ನುತ್ತದೆ. ಮತ್ತೆ ಇದು ಸೀಟಿನ ಮಾತಲ್ಲ, ಜೀವದ ಮಾತು. ಬ್ಲೀಚ್ ಜೊತೆ ಅಮೋನಿಯಾ ಇರುವ ಕ್ಲೀನರ್ ಆಗಲಿ, ವಿನೆಗರ್ ಅಥವಾ ಬೇರೆ ಆಮ್ಲ ಆಗಲಿ ಯಾವತ್ತೂ ಬೆರೆಸಬೇಡಿ. ಮೊದಲನೆಯದರಿಂದ ಕ್ಲೋರಮಿನ್, ಎರಡನೆಯದರಿಂದ ಕ್ಲೋರಿನ್ ಅನಿಲ ಬರುತ್ತದೆ, ಎರಡೂ ಶ್ವಾಸಕೋಶಕ್ಕೆ ವಿಷ. ಬೋಟಿನ ಮುಚ್ಚಿದ ಕ್ಯಾಬಿನ್ ಒಳಗೆ ಇನ್ನೂ ಅಪಾಯ. ಟಿಪ್ಸ್ ಕಾಲಂನಲ್ಲಿ ಬ್ಲೀಚ್ ಅಂತ ಬರೆಯುವಾಗ ಈ ಒಂದು ಸಾಲನ್ನು ದಯವಿಟ್ಟು ಯಾವಾಗಲೂ ಸೇರಿಸಿ.

ದಿನದ ತೊಳೆಯುವಿಕೆಗೆ ಬೇಕಿರುವುದು ಬಹಳ ಕಡಿಮೆ. ಬಕೆಟ್ ಉಗುರುಬೆಚ್ಚಗಿನ ನೀರಿಗೆ ಕೆಲವು ಹನಿ ಮೃದುವಾದ ಪಾತ್ರೆ ಸೋಪು, ಮೆತ್ತನೆ ಬಟ್ಟೆ, ರೆಕ್ಸಿನ್‌ನ ಗೆರೆಗಳಲ್ಲಿ ಕೂತ ಕೊಳೆಗೆ ಮೆತ್ತನೆ ಬ್ರಷ್. ಸೋಪು ಪೂರ್ತಿ ಹೋಗುವ ತನಕ ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆ. ಹೊಲಿಗೆಯ ಉದ್ದಕ್ಕೂ ಒಣ ಬಟ್ಟೆಯನ್ನು ಬೆರಳಿನಿಂದ ಒತ್ತುತ್ತ ಹೋಗಿ, ಅಲ್ಲಿ ನಿಂತ ನೀರೇ ಒಳಗೆ ಹೋಗುವ ನೀರು. ಪೂರ್ತಿ ಒಣಗಿದ ಮೇಲೆ ಬಿಸಿಲು ತಡೆಯುವ, ನೀರಿನ ಮೂಲದ ರಕ್ಷಕ ದ್ರವ ಸಿಗುತ್ತದೆ, ಅದನ್ನು ತಿಂಗಳಿಗೊಮ್ಮೆ ತೆಳ್ಳಗೆ ಸವರಿ. ಬೋಟು ದಿನವಿಡೀ ಬಿಸಿಲಲ್ಲೇ ಇದ್ದರೆ ಅದಕ್ಕೂ ಮುಂಚೆ. ಎಣ್ಣೆ ಹಚ್ಚಿದ ಹಾಗೆ ಥಳಥಳ ಹೊಳೆಯುವ ಪಾಲಿಶ್ ಬೇಡ, ಧೂಳು ಹಿಡಿಯುತ್ತದೆ, ಕೂತವರೂ ಜಾರುತ್ತಾರೆ. ಕೊಳೆ ಸೀಟಿನ ಮೇಲೆ ಯಾವ ದ್ರವ ಸವರಿದರೂ ಕೊಳೆಗೇ ರಕ್ಷಣೆ ಕೊಟ್ಟ ಹಾಗೆ.

ಕೊನೆಯದಾಗಿ, ಹೊಸ ಸೀಟು ಮಾಡಿಸುವವರಿಗೆ. ರೆಕ್ಸಿನ್ ಸ್ಯಾಂಪಲ್ ಪುಸ್ತಕ ತೆರೆದು ಬಣ್ಣ ಆರಿಸಲು ಎಲ್ಲರೂ ಒಂದು ಗಂಟೆ ಕೂರುತ್ತಾರೆ, ಒಳಗೆ ಏನು ಹಾಕುತ್ತೀರಿ ಅಂತ ಕೇಳುವವರು ಅಪರೂಪ. ಒಳಗೆ ಹುಳುಕು ಹೊರಗೆ ಥಳುಕು ಅನ್ನುವುದು ಇದಕ್ಕೇ ಹೇಳಿದ ಹಾಗಿದೆ. ಫೋಮ್ ಯಾವುದು ಕೇಳಿ. ಮನೆಯ ಸೋಫಾಕ್ಕೆ ಹಾಕುವ ಸಾಮಾನ್ಯ ಫೋಮ್ ನೀರು ಹಿಡಿದರೆ ಬಿಡುವುದಿಲ್ಲ. ನೀರು ಸೋಸಿ ಹೋಗುವ, ದೊಡ್ಡ ಕಣ್ಣಿನ ರೆಟಿಕ್ಯುಲೇಟೆಡ್ ಫೋಮ್ ಇದೆ, ಅದರ ಮೇಲೆ ನೀರು ಸುರಿದರೆ ಕೆಳಗೆ ಧಾರೆಯಾಗಿ ಬೀಳುತ್ತದೆ. ನೀರೇ ಕುಡಿಯದ ಕ್ಲೋಸ್ಡ್ ಸೆಲ್ ಫೋಮ್ ಇದೆ, ಸ್ವಲ್ಪ ಗಟ್ಟಿ. ಪಿನ್ ಸ್ಟೇನ್‌ಲೆಸ್ ಸ್ಟೀಲ್ ಇರಬೇಕು, ಇಲ್ಲದಿದ್ದರೆ ಅಂಚಿನಲ್ಲಿ ತುಕ್ಕಿನ ಗೆರೆ ಇಳಿಯುತ್ತದೆ. ದಾರ ಬಿಸಿಲು ತಡೆಯುವ ಪಾಲಿಯೆಸ್ಟರ್, ಹತ್ತಿ ದಾರ ಬೇಡವೇ ಬೇಡ, ಅದು ಬತ್ತಿಯ ಹಾಗೆ ನೀರು ಎಳೆಯುತ್ತದೆ. ಅಂಚಿನ ಪೈಪಿಂಗ್ ಒಳಗಿನ ಹಗ್ಗವೂ ಪ್ಲಾಸ್ಟಿಕ್ಕೇ ಇರಲಿ. ಹಲಗೆಯ ಬದಲು ಪ್ಲಾಸ್ಟಿಕ್ ಬೋರ್ಡ್ ಹಾಕಿದರೆ ಕೊಳೆಯುವ ಚಿಂತೆಯೇ ಇಲ್ಲ. ಕೂರುವ ಜಾಗದ ನಡುವೆ ಅಂದಕ್ಕೆ ಅಂತ ಹಾಕುವ ಹೊಲಿಗೆಗಳನ್ನು ಆದಷ್ಟು ಕಡಿಮೆ ಮಾಡಿಸಿ, ಒಂದೊಂದು ಗೆರೆಯೂ ನೂರಾರು ತೂತು.

ರೆಕ್ಸಿನ್ ಬಗ್ಗೆ ಕೇಳುವುದಾದರೆ ಒಂದೇ ಪ್ರಶ್ನೆ ಕೇಳಿ: ಗುಲಾಬಿ ಕಲೆಯ ಪರೀಕ್ಷೆ ಆಗಿದೆಯಾ? ವಸ್ತುಗಳ ಗುಣಮಟ್ಟದ ಮಾನದಂಡ ರೂಪಿಸುವ ಎಎಸ್‌ಟಿಎಂ ಅನ್ನುವ ಸಂಸ್ಥೆ ಇದೆ, ಇದಕ್ಕೆ ಅಂತಲೇ ಅದರ ಇ1428 ಅನ್ನುವ ಪರೀಕ್ಷಾ ವಿಧಾನ ಇದೆ, ಅದೇ ಸ್ಟ್ರೆಪ್ಟೊಮೈಸಿಸ್ ಅನ್ನು ಬಿಟ್ಟು ಕಲೆ ಬರುತ್ತದಾ ಅಂತ ನೋಡುತ್ತಾರೆ. ಪಾಸಾದ ರೆಕ್ಸಿನ್ ಆದರೂ ಒಳಗೆ ಒದ್ದೆ ಫೋಮ್ ಇಟ್ಟರೆ ಎಷ್ಟು ದಿನ ತಡೆದೀತು, ರೆಕ್ಸಿನ್‌ಗೆ ಹಾಕಿದ ಬ್ಯಾಕ್ಟೀರಿಯಾ ತಡೆಯುವ ಮದ್ದು ಫೋಮನ್ನೂ ಹಲಗೆಯನ್ನೂ ಕಾಯುವುದಿಲ್ಲ. ವಾರಂಟಿ ಕಾಗದವನ್ನೂ ಓದಿ. ತಪ್ಪು ಕ್ಲೀನರ್ ಬಳಸಿದರೆ ವಾರಂಟಿ ಇಲ್ಲ ಅನ್ನುವ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಸಂಪಾದಕರೇ, ನನ್ನ ಕೋರಿಕೆ ಇಷ್ಟೇ. ಅದೇ ಕಾಲಂನಲ್ಲಿ, ಅದೇ ಜಾಗದಲ್ಲಿ ಒಂದು ತಿದ್ದುಪಡಿ ಹಾಕಿ. ನಾಲ್ಕು ಸಾಲು ಸಾಕು. ಈ ಪತ್ರ ಓದಿದವರು ಇವತ್ತು ಬೋಟಿನ ಹತ್ತಿರ ಹೋದರೆ ಮಾಡಬಹುದಾದ ಒಂದು ಕೆಲಸವನ್ನು ಅದರಲ್ಲಿ ಬರೆಯಿರಿ: ಕುಶನ್ ಮಗುಚಿ, ಹೊಲಿಗೆ ಕೆಳಗೆ ಬರುವ ಹಾಗೆ ನಿಲ್ಲಿಸಿ, ಅಡಿಗೆ ಬಿಳಿ ಕಾಗದ ಹಾಸಿ, ಮೊಣಕಾಲಿನಿಂದ ಜೋರಾಗಿ ಒತ್ತಿ. ಕಾಗದ ಒಣಗೇ ಉಳಿದರೆ ಮೇಲಿನ ಕಲೆಯ ಬಗ್ಗೆ ಮಾತ್ರ ಯೋಚಿಸಿ. ಒದ್ದೆಯಾದರೆ ಬ್ರಷ್ ಪಕ್ಕಕ್ಕಿಟ್ಟು ಅಡಿಯ ಪಿನ್ ಕೀಳಲು ಶುರು ಮಾಡಿ.

ಇಂತಿ,
ಬೋಟ್ ಸೀಟ್ ಹೊಲಿಯುವ ನಿಮ್ಮ ಓದುಗ